ಏಳಕ್ಕೆ ಮರೆವು, ಹತ್ತಕ್ಕೆ ನೆನಪು

ಕೋಬಾಲ್ಟ್ ಲೋಹದ ಎರಡು ಕಣಗಳನ್ನು ತೆಗೆದುಕೊಳ್ಳೋಣ. ಎರಡೂ ಗುಂಡಗಿವೆ. ಒಂದರ ಅಡ್ಡಳತೆ 7 ನ್ಯಾನೋಮೀಟರ್, ಇನ್ನೊಂದರದು 10. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲು ನ್ಯಾನೋಮೀಟರ್. ಹಾಗಾಗಿ ಈ ಎರಡು ಕಣಗಳ ಅಡ್ಡಳತೆಯಲ್ಲಿರುವ ವ್ಯತ್ಯಾಸ ಸುಮಾರು ಹನ್ನೆರಡು ಪರಮಾಣುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಮಾತ್ರ.

ಎರಡನ್ನೂ ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿಟ್ಟು, ಬಲವಾದ ಕಾಂತಕ್ಷೇತ್ರ ಹಾಯಿಸಿ, ಎರಡರ ಉತ್ತರ ಧ್ರುವವೂ ಮೇಲಕ್ಕೆ ಬರುವಂತೆ ಮಾಡೋಣ. ಆಮೇಲೆ ಕ್ಷೇತ್ರವನ್ನು ತೆಗೆದುಬಿಡೋಣ. ಕಣಗಳಿಗೆ ನಾವು ಹೇಳಿಕೊಟ್ಟ ಪಾಠ ಒಂದೇ ಪದದ್ದು: ಮೇಲೆ. ಇದನ್ನು ಅವು ಎಷ್ಟು ಹೊತ್ತು ನೆನಪಿಟ್ಟುಕೊಂಡಾವು?

7 ನ್ಯಾನೋಮೀಟರಿನ ಕಣ ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಮರೆಯುತ್ತದೆ. ನೀವು ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಅದರ ಉತ್ತರ ಧ್ರುವ ಕೆಳಗೆ ಹೋಗಿರಬಹುದು, ಮತ್ತೆ ಮೇಲೆ ಬಂದಿರಲೂಬಹುದು. 10 ನ್ಯಾನೋಮೀಟರಿನ ಕಣ ಮರೆಯಲು 16 ಕೋಟಿ ವರ್ಷ ಬೇಕು. ಡೈನೋಸಾರುಗಳು ಓಡಾಡುತ್ತಿದ್ದ ಕಾಲದಲ್ಲಿ ಅದಕ್ಕೆ ಪಾಠ ಹೇಳಿದ್ದರೆ ಇವತ್ತಿಗೂ ಒಪ್ಪಿಸುವ ಸಾಧ್ಯತೆ ಇರುತ್ತಿತ್ತು. ಗಾತ್ರದಲ್ಲಿ ದೊಡ್ಡದು ಚಿಕ್ಕದರ ಮೂರು ಪಟ್ಟೂ ಇಲ್ಲ. ನೆನಪಿನಲ್ಲಿ ಮಾತ್ರ ಒಂದರ ಮುಂದೆ ಹದಿನಾರು ಸೊನ್ನೆ ಬರೆಯುವಷ್ಟು ಪಟ್ಟು ಮುಂದೆ.

ಹಾರ್ಡ್ ಡಿಸ್ಕ್ ಎಂಬ ಉದ್ಯಮದ ಅರ್ಧ ಇತಿಹಾಸ ಈ ಏಳು ಮತ್ತು ಹತ್ತರ ನಡುವಿನ ಇಕ್ಕಟ್ಟಿನಲ್ಲಿದೆ.

ರವೆ ಕಾಳಿನಿಂದ ಶುರು

1956ರ ಸೆಪ್ಟೆಂಬರಿನಲ್ಲಿ ಐಬಿಎಂ ಕಂಪನಿ ರಾಮಾಕ್ ಎಂಬ ಯಂತ್ರವನ್ನು ಲೋಕಕ್ಕೆ ತೋರಿಸಿತು. ಎರಡು ಅಡಿ ಅಗಲದ 50 ತಟ್ಟೆಗಳು, ಅವುಗಳ ಮೇಲೆ ಕಬ್ಬಿಣದ ಆಕ್ಸೈಡ್ ಬೆರೆಸಿದ ಬಣ್ಣದ ಲೇಪ. ಇಷ್ಟೆಲ್ಲ ಸೇರಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿತ್ತು. ಈಗಿನ ಮೊಬೈಲಿನ ಒಂದೆರಡು ಫೋಟೊ ಹಾಕಿದರೆ ತುಂಬಿಹೋಗುತ್ತಿತ್ತು. ಒಂದು ಚದರ ಅಂಗುಲದಲ್ಲಿ 2,000 ಬಿಟ್ ಕೂರುತ್ತಿದ್ದವು. ಒಂದು ಬಿಟ್ ಎಂದರೆ ಒಂದು ಸೊನ್ನೆ ಅಥವಾ ಒಂದು ಒಂದು. ಅದಕ್ಕೆ ಆಗ ಒಂದು ರವೆ ಕಾಳು ಕೂರುವಷ್ಟು ಜಾಗ ಬೇಕಿತ್ತು. ಇವತ್ತಿನ ತಟ್ಟೆಗಳಲ್ಲಿ ಅದೇ ಚದರ ಅಂಗುಲಕ್ಕೆ ಒಂದು ಲಕ್ಷ ಕೋಟಿ ಬಿಟ್‌ಗಳಿಗೂ ಹೆಚ್ಚು. ಹಂಚಿ ನೋಡಿದರೆ ಒಂದು ಬಿಟ್‌ಗೆ ಸಿಕ್ಕುವ ನಿವೇಶನ ಸುಮಾರು 25 ನ್ಯಾನೋಮೀಟರ್ ಉದ್ದ, 25 ನ್ಯಾನೋಮೀಟರ್ ಅಗಲ. ಐವತ್ತು ಕೋಟಿ ಪಟ್ಟು ಕುಗ್ಗಿದೆ.

ಬಿಟ್ ಕುಗ್ಗಿದರೆ ಅದರೊಳಗಿನ ಕಣಗಳೂ ಕುಗ್ಗಲೇಬೇಕು. ಒಂದು ಬಿಟ್ಟಿನಲ್ಲಿ ಒಂದೇ ಕಣ ಇರುವುದಿಲ್ಲ, ಹತ್ತಾರು ಇರುತ್ತವೆ. ಅದೊಂದು ಪುಟ್ಟ ಪಂಚಾಯಿತಿ. ಓದುವ ಮುಳ್ಳು ಬಹುಮತ ಎತ್ತ ಇದೆ ಎಂದು ನೋಡುತ್ತದೆ. ಸದಸ್ಯರು ಕಡಿಮೆಯಾದಷ್ಟೂ ಬಹುಮತ ಅಸ್ಪಷ್ಟ. ಜೊತೆಗೆ ಎರಡು ಬಿಟ್‌ಗಳ ನಡುವಿನ ಗಡಿಯೂ ನೇರವಾಗಿರಬೇಕು. ಗದ್ದೆಯ ಬದುವನ್ನು ದಪ್ಪ ಬಂಡೆಗಳಿಂದ ಕಟ್ಟಿದರೆ ಅಂಕುಡೊಂಕಾಗುತ್ತದೆ, ಸಣ್ಣ ಕಲ್ಲುಗಳಿಂದ ಕಟ್ಟಿದರೆ ನೆಟ್ಟಗಿರುತ್ತದೆ. ಆದ್ದರಿಂದ ಡಿಸ್ಕ್ ತಯಾರಿಸುವವರು ಕಣಗಳನ್ನು ಸಣ್ಣದು, ಇನ್ನೂ ಸಣ್ಣದು ಮಾಡುತ್ತಲೇ ಬಂದರು. ಎಷ್ಟರವರೆಗೆ ಮಾಡಬಹುದು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಪ್ರಯೋಗಕ್ಕಿಂತ ಮೊದಲು ಲೆಕ್ಕದಿಂದ.

ಗೋಡೆ ಕಟ್ಟಲು ಜಾಗವಿಲ್ಲದ ಮನೆ

ಕೈಯಲ್ಲಿ ಹಿಡಿಯುವಂಥ ಕಬ್ಬಿಣದ ತುಂಡಿನೊಳಗೆ ಕಾಂತೀಯತೆ ಒಂದೇ ದಿಕ್ಕಿನಲ್ಲಿ ಇರುವುದಿಲ್ಲ. ತುಂಡು ಅನೇಕ ವಲಯಗಳಾಗಿ ಪಾಲಾಗಿರುತ್ತದೆ. ಇವಕ್ಕೆ ಡೊಮೇನ್ ಎನ್ನುತ್ತಾರೆ. ಒಂದರಲ್ಲಿ ಪರಮಾಣುಗಳ ಮುಖ ಪೂರ್ವಕ್ಕೆ, ಪಕ್ಕದ್ದರಲ್ಲಿ ಪಶ್ಚಿಮಕ್ಕೆ. ಹೀಗೆ ಪಾಲಾಗುವುದರಿಂದ ತುಂಡಿನ ಹೊರಗೆ ಚೆಲ್ಲುವ ಕಾಂತಕ್ಷೇತ್ರ ಕಡಿಮೆಯಾಗಿ ಶಕ್ತಿ ಉಳಿಯುತ್ತದೆ. ಆದರೆ ಪಾಲಾಗುವುದೂ ಬಿಟ್ಟಿಯಲ್ಲ. ಎರಡು ವಲಯಗಳ ನಡುವೆ ಗೋಡೆ ಏಳಬೇಕು, ಗೋಡೆಗೆ ಶಕ್ತಿ ಖರ್ಚಾಗಬೇಕು.

ಇಲ್ಲಿ ಅಳತೆಯ ಆಟ ನೋಡಿ. ಪಾಲಾಗುವುದರಿಂದ ಬರುವ ಲಾಭ ಕಣದ ಘನಗಾತ್ರದ ಲೆಕ್ಕದಲ್ಲಿ ಬೆಳೆಯುತ್ತದೆ, ಗೋಡೆಯ ಖರ್ಚು ಅದರ ವಿಸ್ತೀರ್ಣದ ಲೆಕ್ಕದಲ್ಲಿ. ಕಣದ ಅಡ್ಡಳತೆಯನ್ನು ಅರ್ಧ ಮಾಡಿದರೆ ಲಾಭ ಎಂಟರಲ್ಲಿ ಒಂದಕ್ಕೆ ಇಳಿದರೆ ಖರ್ಚು ನಾಲ್ಕರಲ್ಲಿ ಒಂದಕ್ಕೆ ಮಾತ್ರ ಇಳಿಯುತ್ತದೆ. ಹೀಗೆ ಚಿಕ್ಕದು ಮಾಡುತ್ತ ಹೋದರೆ ಒಂದು ಹಂತದಲ್ಲಿ ಗೋಡೆ ಕಟ್ಟುವುದೇ ನಷ್ಟದ ಬಾಬ್ತು ಆಗುತ್ತದೆ. ಆಗ ಕಣ ಪಾಲಾಗದೆ ಇಡಿಯಾಗಿ ಒಂದೇ ಅಯಸ್ಕಾಂತವಾಗಿ ಉಳಿಯುತ್ತದೆ. ಹೀಗಾಗಬೇಕು ಎಂದು ಫ್ರೆಂಕೆಲ್ ಮತ್ತು ಡಾರ್ಫ್‌ಮನ್ ಎಂಬ ರಷ್ಯದ ವಿಜ್ಞಾನಿಗಳು 1930ರಲ್ಲೇ ಹೇಳಿದ್ದರು. ಕಬ್ಬಿಣದಲ್ಲಿ ಈ ಹಂತ ಸುಮಾರು 15 ನ್ಯಾನೋಮೀಟರ್, ಕೋಬಾಲ್ಟಿನಲ್ಲಿ ಸುಮಾರು 70.

ಮಾದರಿ ಕಟ್ಟುವವರಿಗೆ ಇದು ಹಬ್ಬದ ಸುದ್ದಿ. 10 ನ್ಯಾನೋಮೀಟರಿನ ಕೋಬಾಲ್ಟ್ ಕಣದಲ್ಲಿ ಸುಮಾರು 47 ಸಾವಿರ ಪರಮಾಣುಗಳಿದ್ದರೂ ಅವೆಲ್ಲ ಒಟ್ಟಿಗೆ ತಿರುಗುವುದರಿಂದ ಇಡೀ ಕಣವನ್ನು ಕಾಗದದ ಮೇಲೆ ಒಂದು ಬಾಣವಾಗಿ ಬರೆಯಬಹುದು. ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ಸ್ಟೋನರ್ ಮತ್ತು ವೋಲ್ಫಾರ್ತ್ 1948ರಲ್ಲಿ ಮಾಡಿದ್ದು ಇದನ್ನೇ. ಆ ಬಾಣಕ್ಕೆ ಎಲ್ಲ ದಿಕ್ಕೂ ಸಮಾನವಲ್ಲ. ಹರಳಿನ ರಚನೆಯಿಂದಾಗಿ ಅದಕ್ಕೆ ಒಂದು ಗೆರೆ ಇಷ್ಟ; ಆ ಗೆರೆಯ ಮೇಲೆ ಒಂದೋ ಹೀಗೆ, ಇಲ್ಲವೇ ಹಾಗೆ ನಿಲ್ಲುತ್ತದೆ, ಅಡ್ಡ ಮಲಗಲು ಒಪ್ಪುವುದಿಲ್ಲ. ಪುಸ್ತಕಗಳು ಇದನ್ನು ಅನೈಸೋಟ್ರಪಿ ಎನ್ನುತ್ತವೆ. ಈ ಅಧ್ಯಾಯದ ಮಟ್ಟಿಗೆ ನಾವು "ದಿಕ್ಕಿನ ಹಠ" ಎನ್ನೋಣ. ಹಠ ಲೋಹದಿಂದ ಲೋಹಕ್ಕೆ ಬೇರೆ. ಕಬ್ಬಿಣದ್ದು ಮೆತ್ತಗೆ, ಕೋಬಾಲ್ಟಿನದು ಗಟ್ಟಿ, ಕಬ್ಬಿಣ ಮತ್ತು ಪ್ಲಾಟಿನಂ ಸಮಸಮ ಬೆರೆತ ಮಿಶ್ರಲೋಹದ್ದು ಹಠಮಾರಿತನದ ಪರಮಾವಧಿ.

ಆವಿಗೆಯಿಂದ ಬಂದ ಸೂತ್ರ

ಹಠ ಇದ್ದರೆ ಬಾಣ ನಿಂತಲ್ಲೇ ನಿಲ್ಲಬೇಕಲ್ಲ, ಮರೆವು ಎಲ್ಲಿಂದ ಬಂತು? ಶಾಖದಿಂದ. ಯಾವ ವಸ್ತುವೂ ಒಳಗೆ ಸುಮ್ಮನಿರುವುದಿಲ್ಲ. ಪರಮಾಣುಗಳು ಸದಾ ಅಲುಗುತ್ತಿರುತ್ತವೆ. ಮೊರದಲ್ಲಿ ಭತ್ತ ಕೇರುವುದನ್ನು ನೆನಪಿಸಿಕೊಳ್ಳಿ. ಕೈ ಕೊಡುವ ಕುಲುಕು ಎಲ್ಲಕ್ಕೂ ಒಂದೇ, ಆದರೆ ಜೊಳ್ಳು ಅಂಚು ದಾಟಿ ಹಾರುತ್ತದೆ, ಗಟ್ಟಿ ಕಾಳು ಮೊರದಲ್ಲೇ ಉಳಿಯುತ್ತದೆ. ಕಾಂತಕಣಗಳಲ್ಲೂ ಹಾಗೆಯೇ. ಉಷ್ಣತೆ ಕೊಡುವ ಕುಲುಕು ದೊಡ್ಡ ಕಣಕ್ಕೂ ಸಣ್ಣದಕ್ಕೂ ಒಂದೇ. ಹೋಲಿಕೆ ಒಂದು ಕಡೆ ಮುರಿಯುತ್ತದೆ: ಮೊರದ ಅಂಚಿನ ಎತ್ತರ ಎಲ್ಲ ಕಾಳಿಗೂ ಸಮ, ಇಲ್ಲಿ ಪ್ರತಿ ಕಣವೂ ತನ್ನ ಅಂಚನ್ನು ತಾನೇ ಹೊತ್ತಿರುತ್ತದೆ. ಆ ಅಂಚಿನ ಎತ್ತರ ಎಂದರೆ ಹಠವನ್ನು ಕಣದ ಘನಗಾತ್ರದಿಂದ ಗುಣಿಸಿದಷ್ಟು. ಕಣ ಚಿಕ್ಕದಾದರೆ ಅಂಚೂ ತಗ್ಗು.

ಇದನ್ನು ಸೂತ್ರವಾಗಿ ಬರೆದವರು ಫ್ರಾನ್ಸಿನ ಲೂಯಿ ನೀಲ್. ವರ್ಷ 1949. ಆಗ ಹಾರ್ಡ್ ಡಿಸ್ಕ್ ಎಂಬುದೇ ಇರಲಿಲ್ಲ. ನೀಲ್ ತಲೆ ಕೆಡಿಸಿಕೊಂಡದ್ದು ಸುಟ್ಟ ಮಣ್ಣಿನ ಬಗ್ಗೆ. ಕುಂಬಾರರ ಆವಿಗೆಯಲ್ಲಿ ಬೆಂದ ಮಡಕೆಗೂ ಇಟ್ಟಿಗೆಗೂ ಒಂದು ವಿಚಿತ್ರ ಗುಣವಿದೆ. ಜೇಡಿಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳಿರುತ್ತವೆ. ಆವಿಗೆ ಕೆಂಪಗೆ ಕಾದಿರುವಾಗ ಅವುಗಳ ಬಾಣಗಳು ದಿಕ್ಕೆಟ್ಟು ತಿರುಗುತ್ತಿರುತ್ತವೆ. ಬೆಂಕಿ ಆರಿ ತಣ್ಣಗಾಗುವಾಗ ಭೂಮಿಯ ಕಾಂತಕ್ಷೇತ್ರ ಅವುಗಳನ್ನು ತನ್ನತ್ತ ಸ್ವಲ್ಪ ಒಲಿಸಿಕೊಳ್ಳುತ್ತದೆ, ಒಲಿದ ದಿಕ್ಕಿನಲ್ಲಿಯೇ ಅವು ಹೆಪ್ಪುಗಟ್ಟುತ್ತವೆ. ಆಮೇಲೆ ಸಾವಿರಾರು ವರ್ಷ ಕಳೆದರೂ ಆ ಇಟ್ಟಿಗೆಯಲ್ಲಿ ಅದು ಆರಿದ ದಿನದ ಭೂಕಾಂತದ ದಿಕ್ಕು ದಾಖಲಾಗಿರುತ್ತದೆ. ಭೂಮಿಯ ಕ್ಷೇತ್ರ ತೀರಾ ದುರ್ಬಲ. ಅಷ್ಟು ದುರ್ಬಲವಾದದ್ದು ಬರೆದ ಅಕ್ಷರ ಅಷ್ಟು ಕಾಲ ಅಳಿಯದೆ ಉಳಿಯುವುದು ಹೇಗೆ ಎಂಬುದು ನೀಲ್ ಬಿಡಿಸಿದ ಒಗಟು. ಬಿಸಿಯಲ್ಲಿ ಬರೆ, ತಣ್ಣಗೆ ಇಡು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಇದರ ಹತ್ತಿರಕ್ಕೆ ಮತ್ತೆ ಬರುತ್ತೇವೆ. ಕಾಂತೀಯತೆಯ ಕುರಿತ ಕೆಲಸಕ್ಕೆ ನೀಲ್‌ಗೆ 1970ರಲ್ಲಿ ನೊಬೆಲ್ ಬಂತು.

ಸೂತ್ರವನ್ನು ಮಾತಿನಲ್ಲಿ ಹೇಳುವುದು ಕಷ್ಟವಲ್ಲ. ಅಂಚಿನ ಎತ್ತರವನ್ನು ಉಷ್ಣತೆಯ ಕುಲುಕಿನಿಂದ ಭಾಗಿಸಿ. ಬರುವ ಸಂಖ್ಯೆಯನ್ನು ಗಟ್ಟಿತನದ ಅಂಕ ಎನ್ನೋಣ. ಬಾಣ ಸೆಕೆಂಡಿಗೆ ನೂರು ಕೋಟಿ ಸಲ ಅಂಚನ್ನು ಹಾರಿ ದಾಟಲು ನೋಡುತ್ತದೆ. ಅಂಕ ಒಂದು ಹೆಚ್ಚಾದಂತೆಲ್ಲ ದಾಟುವ ಸಾಧ್ಯತೆ 2.7ರಿಂದ ಭಾಗವಾಗುತ್ತ ಹೋಗುತ್ತದೆ. ಸೋಲಿನ ಮೇಲೆ ಸೋಲು, ಚಕ್ರಬಡ್ಡಿಯ ಹಾಗೆ. ಅಂಕ 40 ಆದರೆ ಬಾಣ ಸುಮಾರು ಹತ್ತು ವರ್ಷ ನಿಲ್ಲುತ್ತದೆ.

ಕೋಬಾಲ್ಟಿಗೆ ಹಾಕಿ ನೋಡೋಣ. ಹರಳಿನ ಹಠ ಘನಮೀಟರಿಗೆ 4.5 ಲಕ್ಷ ಜೂಲ್, ಉಷ್ಣತೆ 27 ಡಿಗ್ರಿ ಸೆಲ್ಸಿಯಸ್.

6 ನ್ಯಾನೋಮೀಟರ್: ಅಂಕ 12, ನೆನಪು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಭಾಗ.
7 ನ್ಯಾನೋಮೀಟರ್: ಅಂಕ 19.5, ನೆನಪು ಸೆಕೆಂಡಿನ ಮೂರನೇ ಒಂದು ಭಾಗ.
8 ನ್ಯಾನೋಮೀಟರ್: ಅಂಕ 29, ನೆನಪು ಒಂದೂಕಾಲು ಗಂಟೆ.
9 ನ್ಯಾನೋಮೀಟರ್: ಅಂಕ 41.5, ನೆನಪು 32 ವರ್ಷ.
10 ನ್ಯಾನೋಮೀಟರ್: ಅಂಕ 57, ನೆನಪು 16 ಕೋಟಿ ವರ್ಷ.

ಈ ಐದು ಸಾಲುಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಎಂಟರಿಂದ ಒಂಬತ್ತಕ್ಕೆ ಹೋಗುವಾಗ ಸೇರಿದ್ದು ನಾಲ್ಕು ಪರಮಾಣುಗಳ ಅಗಲ. ಒಂದು ಸಿನಿಮಾ ಮುಗಿಯುವವರೆಗೂ ಮಾತು ಉಳಿಸಿಕೊಳ್ಳಲಾಗದ ಕಣ ಒಂದು ತಲೆಮಾರು ದಾಟಿಸುವ ಕಣವಾಯಿತು. ತೀರಾ ಸಣ್ಣಗಾಗಿ, ಅಯಸ್ಕಾಂತವಾಗಿದ್ದೂ ಯಾವ ದಿಕ್ಕನ್ನೂ ಹಿಡಿದುಕೊಳ್ಳಲಾಗದ ಈ ಸ್ಥಿತಿಗೆ ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಎಂದು ಹೆಸರು. ಹೆಸರಿನಲ್ಲಿ ಸೂಪರ್ ಇದ್ದರೂ ಡಿಸ್ಕ್ ಮಾಡುವವರ ಪಾಲಿಗೆ ಅದು ಶನಿ.

ಉಷ್ಣತೆಯನ್ನೂ ಸ್ವಲ್ಪ ಏರಿಸಿ ನೋಡಿ. ಸತತ ಓಡುವ ಡಿಸ್ಕ್ ಪೆಟ್ಟಿಗೆಯೊಳಗೆ 57 ಡಿಗ್ರಿ ಇದೆ ಎನ್ನೋಣ. 9 ನ್ಯಾನೋಮೀಟರಿನ ಅದೇ ಕಣದ 32 ವರ್ಷದ ನೆನಪು ಒಂಬತ್ತು ತಿಂಗಳಿಗೆ ಇಳಿಯುತ್ತದೆ.

ಸರಾಸರಿ ಹೇಳುವ ಸುಳ್ಳು

ಇಷ್ಟು ಸರಳ ಸೂತ್ರ ಇದ್ದ ಮೇಲೆ ಕಂಪ್ಯೂಟರಿನಲ್ಲಿ ಮಾದರಿ ಕಟ್ಟುವ ಕೆಲಸ ಯಾಕೆ ಎಂದು ಕೇಳಬಹುದು. ಸೂತ್ರ ಒಂದು ಕಣದ ಬಗ್ಗೆ ಹೇಳುತ್ತದೆ. ಪ್ರಯೋಗಾಲಯದ ಸೀಸೆಯಲ್ಲಿರುವುದು ಕೋಟ್ಯಂತರ ಕಣ, ಒಂದರಂತೆ ಇನ್ನೊಂದಿಲ್ಲ.

ಸರಾಸರಿ 9 ನ್ಯಾನೋಮೀಟರ್, ಹೆಚ್ಚುಕಡಿಮೆ ಶೇಕಡ 10 ಎಂದು ಸೀಸೆಯ ಮೇಲೆ ಬರೆದಿದೆ ಎನ್ನಿ. ಕೇಳಲು ಒಳ್ಳೆಯ ಸರಕು. ಆದರೆ ಸಂಖ್ಯಾಶಾಸ್ತ್ರದ ಪ್ರಕಾರ ಅದರಲ್ಲಿ ಆರಕ್ಕೆ ಒಂದರಂತೆ ಕಣಗಳು 8.1ಕ್ಕಿಂತ ಚಿಕ್ಕವು. 8.1 ನ್ಯಾನೋಮೀಟರಿನ ಕಣದ ನೆನಪು ನಾಲ್ಕು ಗಂಟೆಗಿಂತ ಕಡಿಮೆ. ಸರಾಸರಿ ಕಣ 32 ವರ್ಷ ಬಾಳುತ್ತದೆ ಎಂದು ಡಿಸ್ಕ್ ಕೊಂಡವನ ಪಂಚಾಯಿತಿಯಲ್ಲಿ ಆರಕ್ಕೆ ಒಬ್ಬ ಸದಸ್ಯ ಊಟದ ಹೊತ್ತಿಗೆ ಪಕ್ಷ ಬದಲಿಸಿರುತ್ತಾನೆ. ಅದಕ್ಕೇ ಎಂಜಿನಿಯರುಗಳು ಅಂಕ 40ಕ್ಕೆ ತೃಪ್ತರಾಗದೆ 60ರ ಆಸುಪಾಸು ಕೇಳುತ್ತಾರೆ. ಕಣದ ಸರಾಸರಿ ಅಳತೆಗಿಂತ ಅಳತೆಗಳ ಹರವು ಎಷ್ಟು ಎಂಬುದೇ ಅವರ ಮೊದಲ ಪ್ರಶ್ನೆ.

ಎರಡನೆಯ ತೊಡಕು ಕಣದ ಮೈ. ಒಳಗಿನ ಪರಮಾಣುವಿಗೆ ಸುತ್ತಲೂ ನೆರೆಯವರು. ಹೊರಮೈ ಮೇಲಿನದಕ್ಕೆ ಒಂದು ಕಡೆ ಬಯಲು. ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವ ಶಿಸ್ತು ನೆರೆಹೊರೆಯವರ ಒತ್ತಾಯದಿಂದ ಬರುವಂಥದ್ದು; ನೆರೆ ಕಡಿಮೆಯಾದರೆ ಶಿಸ್ತೂ ಸಡಿಲ. 10 ನ್ಯಾನೋಮೀಟರಿನ ಕಣದಲ್ಲಿ ಎಂಟಕ್ಕೆ ಒಂದು ಪರಮಾಣು ಮೈಮೇಲಿದ್ದರೆ, 4 ನ್ಯಾನೋಮೀಟರಿನ ಕಣದಲ್ಲಿ ಆ ಪಾಲು ಮೂರರಲ್ಲಿ ಒಂದರ ಹತ್ತಿರ ಬರುತ್ತದೆ. ಆಗ ಇಡೀ ಕಣವನ್ನು ಒಂದೇ ಬಾಣವಾಗಿ ಬರೆಯುವುದು ಸುಳ್ಳು ಲೆಕ್ಕವಾಗುತ್ತದೆ. ಕೆಲವು ಆಕ್ಸೈಡುಗಳಲ್ಲಿ ಮೈಮೇಲಿನ ಬಾಣಗಳು ಅಡ್ಡಾದಿಡ್ಡಿ ತಿರುಗಿ ಕಣದ ಒಟ್ಟು ಬಲವನ್ನೇ ತಗ್ಗಿಸುತ್ತವೆ. ಕಬ್ಬಿಣದ ಕಣಗಳಲ್ಲಿ ಇದಕ್ಕೆ ಉಲ್ಟಾ ಅನುಭವವೂ ಉಂಟು: ಕಣ ಚಿಕ್ಕದಾದಂತೆ ಮೈಯ ಪ್ರಭಾವದಿಂದ ಹಠ ಹೆಚ್ಚುತ್ತದೆ. ಹಾಗಾಗಿ ಮೇಲಿನ ಪಟ್ಟಿಯಲ್ಲಿ ಎಲ್ಲ ಅಳತೆಗೂ ಒಂದೇ ಹಠ ಎಂದು ನಾನು ಹಿಡಿದದ್ದು ಒಂದು ಅನುಕೂಲದ ಒಪ್ಪಂದ. ಸಣ್ಣ ಅಳತೆಗೆ ಇಳಿದಂತೆ ಆ ಒಪ್ಪಂದ ಬಿರುಕು ಬಿಡುತ್ತದೆ.

ಮೂರನೆಯದು ಪಕ್ಕದ ಕಣಗಳ ಕಿರುಕುಳ. ಪ್ರತಿ ಕಣವೂ ಅಯಸ್ಕಾಂತವಾದ್ದರಿಂದ ಒಂದರ ಕ್ಷೇತ್ರ ಇನ್ನೊಂದರ ಮೇಲೆ ಬೀಳುತ್ತದೆ. ಒಂಟಿಯಾಗಿ ಸಭ್ಯವಾಗಿರುವ ಕಣ ಗುಂಪಿನಲ್ಲಿ ಬೇರೆಯೇ.

ಈ ಮೂರನ್ನೂ ಒಟ್ಟಿಗೆ ಹಿಡಿಯಲು ಕಂಪ್ಯೂಟರ್ ಬೇಕು. ಕಣಕ್ಕೆ ಒಂದು ಬಾಣ ಎನ್ನುವ ಬದಲು ಪರಮಾಣುವಿಗೆ ಒಂದು ಬಾಣ ಕೊಡುತ್ತಾರೆ. ಪ್ರತಿ ಬಾಣವೂ ಬುಗುರಿಯಂತೆ ತಲೆದೂಗುತ್ತ ಸುತ್ತಿ, ಮೆಲ್ಲಮೆಲ್ಲಗೆ ಕ್ಷೇತ್ರದ ದಿಕ್ಕಿಗೆ ಬಂದು ನಿಲ್ಲುತ್ತದೆ. ಆ ತಲೆದೂಗಾಟದ ಸಮೀಕರಣವನ್ನು ಲ್ಯಾಂಡೌ ಮತ್ತು ಲಿಫ್‌ಶಿಟ್ಸ್ 1935ರಲ್ಲಿ ಕೊಟ್ಟರು, ಗಿಲ್ಬರ್ಟ್ 1955ರಲ್ಲಿ ತಿದ್ದಿದರು. 1963ರಲ್ಲಿ ಬ್ರೌನ್ ಅದಕ್ಕೆ ಶಾಖದ ಕುಲುಕನ್ನು ಸೇರಿಸಿದರು: ಪ್ರತಿ ಗಳಿಗೆಯಲ್ಲೂ ಬಾಣಕ್ಕೆ ದಾಳ ಹಾಕಿದಂತೆ ಎತ್ತೆತ್ತಲೋ ಒಂದು ತಳ್ಳು.

ಇಲ್ಲಿ ಒಂದು ಪೇಚಾಟವಿದೆ. ಬುಗುರಿಯ ಸುತ್ತು ತಪ್ಪದೆ ಹಿಡಿಯಬೇಕಾದರೆ ಲೆಕ್ಕದ ಹೆಜ್ಜೆ ಅತಿ ಚಿಕ್ಕದಾಗಿರಬೇಕು. ಪರಮಾಣು ಮಟ್ಟದಲ್ಲಿ ಅದು ಒಂದು ಫೆಮ್ಟೋಸೆಕೆಂಡಿನ ಹತ್ತಿರ, ಅಂದರೆ ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದಾಗ ಸಿಗುವ ಒಂದು ಪಾಲು. ಡಿಸ್ಕ್ ಹತ್ತು ವರ್ಷ ಬಾಳುತ್ತದೆಯೇ ಎಂದು ಹೀಗೆ ಹೆಜ್ಜೆ ಹೆಜ್ಜೆಯಾಗಿ ನೋಡಲು ಹೊರಟರೆ, ಸೆಕೆಂಡಿಗೆ ನೂರು ಕೋಟಿ ಹೆಜ್ಜೆ ಹಾಕುವ ಕಂಪ್ಯೂಟರಿಗೂ ಒಂದು ಕೋಟಿ ವರ್ಷ ಹಿಡಿಯುತ್ತದೆ. ಡಿಸ್ಕೇ ಮೊದಲು ಉತ್ತರ ಹೇಳಿಬಿಡುತ್ತದೆ.

ಆದ್ದರಿಂದ ಅವರು ಅಡ್ಡದಾರಿ ಹಿಡಿಯುತ್ತಾರೆ. ಬರೆಯುವ ಕ್ಷಣದ ನ್ಯಾನೋಸೆಕೆಂಡುಗಳನ್ನು ಮಾತ್ರ ಬುಗುರಿ ಸಮೀಕರಣದಿಂದ ನೋಡುತ್ತಾರೆ. ಉಳಿದ ಹತ್ತು ವರ್ಷಕ್ಕೆ ಬೇರೆ ಉಪಾಯ: ಒಂದು ದಿಕ್ಕಿನಿಂದ ಎದುರು ದಿಕ್ಕಿಗೆ ಹೋಗುವ ದಾರಿಗಳಲ್ಲೆಲ್ಲ ಅತಿ ತಗ್ಗಿನ ಕಣಿವೆ ದಾರಿ ಯಾವುದೆಂದು ಹುಡುಕಿ, ಅದರ ಎತ್ತರ ಅಳೆದು, ನೀಲ್ ಸೂತ್ರಕ್ಕೆ ಹಾಕುತ್ತಾರೆ. ಮಂಗಳೂರಿನಿಂದ ಹಾಸನಕ್ಕೆ ಎಷ್ಟು ಹೊತ್ತು ಎಂದು ತಿಳಿಯಲು ಪ್ರತಿ ಲಾರಿಯ ಬೆನ್ನು ಹತ್ತಬೇಕಿಲ್ಲ. ಘಟ್ಟ ಎಷ್ಟು ಎತ್ತರ ಎಂದು ಗೊತ್ತಾದರೆ ಅಂದಾಜು ಸಿಗುತ್ತದೆ. ಯಾವ ಪ್ರಶ್ನೆಗೆ ಯಾವ ಮಾದರಿ ಎಂದು ಆರಿಸುವುದೇ ಈ ಕಸುಬಿನ ಕೌಶಲ.

ಲೆಕ್ಕ ಕಟ್ಟಿದ ಗೋಡೆ, ಲೆಕ್ಕ ಒಡೆದ ಗೋಡೆ

1997ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಚರಾಪ್ ಮತ್ತು ಸಂಗಡಿಗರು ಇಂಥದೇ ಮಾದರಿ ಕಟ್ಟಿ ಒಂದು ಭವಿಷ್ಯ ನುಡಿದರು. ಚದರ ಅಂಗುಲಕ್ಕೆ 36 ಗಿಗಾಬಿಟ್ ದಾಟಿದರೆ ಕಣಗಳ ನೆನಪು ಅಳಿಯತೊಡಗುತ್ತದೆ ಎಂಬುದು ಅದರ ಸಾರ. ಉದ್ಯಮಕ್ಕೆ ಅದು ಎಚ್ಚರಿಕೆಯ ಗಂಟೆ. ಇವತ್ತು ನಾವು ಆ ಮಿತಿಯ ಇಪ್ಪತ್ತೈದು ಪಟ್ಟಿಗೂ ಆಚೆ ಇದ್ದೇವೆ. ಹಾಗಾದರೆ ಲೆಕ್ಕ ತಪ್ಪಿತೇ?

ತಪ್ಪಲಿಲ್ಲ. ಅಂದಿನ ಡಿಸ್ಕಿನಲ್ಲಿ ಬಾಣಗಳು ತಟ್ಟೆಯ ಮೈಮೇಲೆ ಮಲಗಿರುತ್ತಿದ್ದವು, ಲೆಕ್ಕವೂ ಅಂಥ ಡಿಸ್ಕಿನದೇ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶುನ್‌ಇಚಿ ಇವಾಸಾಕಿ ಬಾಣಗಳನ್ನು ಎಬ್ಬಿಸಿ ನಿಲ್ಲಿಸಿ ಎಂದು 1970ರ ದಶಕದಿಂದಲೂ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಇಪ್ಪತ್ತು-ಮೂವತ್ತರ ನಿವೇಶನ ಕೊಂಡವರಿಗೆ ಇದರ ಮರ್ಮ ತಾನಾಗಿ ಗೊತ್ತು. ನೆಲ ಕಡಿಮೆಯಾದರೆ ಮಹಡಿ ಎತ್ತಬೇಕು. ನೀಲ್ ಸೂತ್ರ ಕೇಳುವುದು ಘನಗಾತ್ರವನ್ನು, ಕಣ ಎಷ್ಟು ನೆಲ ಹಿಡಿದಿದೆ ಎಂಬುದನ್ನಲ್ಲ. ಕಣವನ್ನು ಕಂಬದಂತೆ ಎತ್ತರಿಸಿದರೆ ಮೇಲಿನಿಂದ ನೋಡಲು ಸಣ್ಣದು, ನೆನಪಿಗೆ ದೊಡ್ಡದು. ಹೀಗೆ ನಿಂತ ಬಿಟ್‌ಗಳ ಡಿಸ್ಕನ್ನು ತೊಶಿಬಾ 2005ರಲ್ಲಿ ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಮಲಗಿದ ಬಿಟ್‌ಗಳ ಕಾಲ ಮುಗಿಯಿತು.

ಆದರೆ ಮಹಡಿಗೂ ಮಿತಿಯಿದೆ. ಕಂಬ ಬಹಳ ಉದ್ದವಾದರೆ ಇಡಿಯಾಗಿ ತಿರುಗುವ ಬದಲು ಒಂದು ತುದಿಯಿಂದ ಹೊರಳಲು ಶುರುಮಾಡುತ್ತದೆ. ಆಗ ಇನ್ನಷ್ಟು ಎತ್ತರ ಸೇರಿಸಿ ಪ್ರಯೋಜನವಿಲ್ಲ. ಉಳಿದ ದಾರಿ ಹಠ ಹೆಚ್ಚಿಸುವುದು.

2000ದ ಮಾರ್ಚಿನಲ್ಲಿ ಐಬಿಎಂನ ಶೌಹೆಂಗ್ ಸುನ್, ಕ್ರಿಸ್ಟಫರ್ ಮರ್ರೆ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಕಬ್ಬಿಣ-ಪ್ಲಾಟಿನಂ ಕಣಗಳನ್ನು ತೋರಿಸಿದರು. ದ್ರಾವಣದಲ್ಲಿ ಬೆಳೆಸಿದ ಈ ಕಣಗಳನ್ನು 3ರಿಂದ 10 ನ್ಯಾನೋಮೀಟರಿನವರೆಗೆ ಬೇಕಾದ ಅಳತೆಗೆ ಮಾಡಬಹುದಿತ್ತು, ಅಳತೆಗಳ ಹರವು ಶೇಕಡ 5ಕ್ಕಿಂತ ಕಡಿಮೆ. ಪೆಟ್ಟಿಗೆಯಲ್ಲಿ ಕಿತ್ತಳೆ ಜೋಡಿಸಿದಂತೆ ತಾವೇ ಸಾಲುಗಟ್ಟುತ್ತಿದ್ದವು. ಈ ಮಿಶ್ರಲೋಹದ ಹಠ ಕೋಬಾಲ್ಟಿನ ಹದಿನೈದು ಪಟ್ಟಿನ ಹತ್ತಿರ. ಹಾಗಾಗಿ ಸುಮಾರು 4 ನ್ಯಾನೋಮೀಟರಿನ, ಅಂದರೆ ಬರೀ 2,400 ಪರಮಾಣುಗಳ ಕಣವೂ ಹತ್ತು ವರ್ಷ ನೆನಪಿಡಬಲ್ಲದು ಎನ್ನುತ್ತದೆ ಸೂತ್ರ.

ಸೂತ್ರ ಹೇಳದ ಮಾತೊಂದಿತ್ತು. ದ್ರಾವಣದಿಂದ ತೆಗೆದಾಗ ಕಣದೊಳಗೆ ಕಬ್ಬಿಣ, ಪ್ಲಾಟಿನಂ ಪರಮಾಣುಗಳು ಕಲಸುಮೇಲೋಗರವಾಗಿರುತ್ತವೆ, ಆಗ ಹಠವೇ ಇಲ್ಲ. 500 ಡಿಗ್ರಿಗೂ ಮೇಲೆ ಕಾಯಿಸಿದರೆ ಒಂದು ಪದರ ಕಬ್ಬಿಣ, ಒಂದು ಪದರ ಪ್ಲಾಟಿನಂ ಎಂದು ಒಪ್ಪವಾಗಿ ಕೂತು ಹಠ ಬರುತ್ತದೆ. ಆದರೆ ಅಷ್ಟು ಕಾಯಿಸಿದರೆ ಕಣಗಳು ಒಂದಕ್ಕೊಂದು ಅಂಟಿ ದೊಡ್ಡವಾಗುತ್ತವೆ. ಕಷ್ಟಪಟ್ಟು ಕಾಪಾಡಿದ ಅಳತೆ ಒಲೆಯ ಮೇಲೆ ಹಾಳು. ಸೀಸೆಯಲ್ಲಿ ಬೆಳೆದ ಕಣಗಳು ಡಿಸ್ಕ್ ಆಗಲಿಲ್ಲ. ಅದೇ ಮಿಶ್ರಲೋಹವನ್ನು ನಿರ್ವಾತದಲ್ಲಿ ತಟ್ಟೆಯ ಮೇಲೆ ಪದರವಾಗಿ ಕೂರಿಸುವ ವಿಧಾನ ಗೆದ್ದಿತು.

ಗೆಲುವಿನ ಬೆನ್ನಿಗೇ ಇನ್ನೊಂದು ಸಮಸ್ಯೆ. ಅಷ್ಟು ಹಠವಿರುವ ಬಾಣವನ್ನು ಶಾಖ ತಿರುಗಿಸಲಾರದು ನಿಜ, ನಾವೂ ತಿರುಗಿಸಲಾರೆವು. ಸ್ಟೋನರ್–ವೋಲ್ಫಾರ್ತ್ ಲೆಕ್ಕದಂತೆ ಅದಕ್ಕೆ 10 ಟೆಸ್ಲಾ ಮೀರಿದ ಕ್ಷೇತ್ರ ಬೇಕು. ಬರೆಯುವ ತಲೆಯ ಲೋಹ 2.4 ಟೆಸ್ಲಾ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ. ಕಣ ಸಣ್ಣದಿರಬೇಕು, ನೆನಪು ಗಟ್ಟಿಯಿರಬೇಕು, ಬರೆಯಲು ಸುಲಭವಿರಬೇಕು. ಮೂರರಲ್ಲಿ ಎರಡನ್ನು ಹಿಡಿದರೆ ಮೂರನೆಯದು ಜಾರುತ್ತದೆ.

ಈಗ ಆವಿಗೆಯನ್ನು ನೆನಪಿಸಿಕೊಳ್ಳಿ. ದುರ್ಬಲ ಭೂಕಾಂತ ಇಟ್ಟಿಗೆಯ ಮೇಲೆ ಬರೆದದ್ದು ಹೇಗೆ? ಇಟ್ಟಿಗೆ ಬಿಸಿಯಿದ್ದಾಗ. ಕಬ್ಬಿಣ-ಪ್ಲಾಟಿನಂ ಸುಮಾರು 480 ಡಿಗ್ರಿಗೆ ತನ್ನ ಕಾಂತೀಯತೆಯನ್ನೇ ಕಳೆದುಕೊಳ್ಳುತ್ತದೆ, ಅದರ ಸನಿಹಕ್ಕೆ ಬಂದಾಗ ಹಠ ಕರಗಿರುತ್ತದೆ. ಹೊಸ ಡಿಸ್ಕುಗಳ ಬರೆಯುವ ತಲೆಯಲ್ಲಿ ಪುಟ್ಟ ಲೇಸರ್ ಇದೆ. ಅದು ಹತ್ತಾರು ನ್ಯಾನೋಮೀಟರ್ ಅಗಲದ ಚುಕ್ಕೆಯನ್ನು ಒಂದೆರಡು ನ್ಯಾನೋಸೆಕೆಂಡಿನಲ್ಲಿ ಕಾಯಿಸುತ್ತದೆ. ಸಾಧಾರಣ ಕ್ಷೇತ್ರವೇ ಆಗ ಬಾಣವನ್ನು ತಿರುಗಿಸುತ್ತದೆ. ಚುಕ್ಕೆ ಕೂಡಲೇ ಆರುತ್ತದೆ, ಹಠ ಮರಳುತ್ತದೆ, ಅಕ್ಷರ ಹೆಪ್ಪುಗಟ್ಟುತ್ತದೆ. ಸೀಗೇಟ್ ಕಂಪನಿ 2024ರ ಜನವರಿಯಲ್ಲಿ ಪ್ರಕಟಿಸಿದ 30 ಟೆರಾಬೈಟಿನ ಡಿಸ್ಕ್ ಕೆಲಸ ಮಾಡುವುದು ಹೀಗೆ. ಸುನ್ ಅವರ ಪ್ರಬಂಧದಿಂದ ಇಲ್ಲಿಗೆ 24 ವರ್ಷ, ನೀಲ್ ಅವರ ಸುಟ್ಟ ಮಣ್ಣಿನಿಂದ 75 ವರ್ಷ.

ಸೂತ್ರ ಓದದ ಜೀವಿ

ಇದೇ ಇಕ್ಕಟ್ಟಿನಲ್ಲಿ ನಮಗಿಂತ ಮೊದಲೇ ಸಿಕ್ಕಿ ಪಾರಾದ ಜೀವಿಯೊಂದಿದೆ. ಕೆರೆ, ಕಡಲುಗಳ ಕೆಸರಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಭೂಕಾಂತದ ಗೆರೆ ಹಿಡಿದು ಈಜುತ್ತವೆ. ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ 1975ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಲೋಕದ ಗಮನ ಅತ್ತ ಹರಿಯಿತು. ಅವುಗಳ ಹೊಟ್ಟೆಯಲ್ಲಿ ದಿಕ್ಸೂಚಿಯಂತೆ ಸಾಲಾಗಿ ಪೋಣಿಸಿದ ಕಾಂತಕಣಗಳಿರುತ್ತವೆ. ಹೆಚ್ಚಿನವುಗಳಲ್ಲಿ ಅವು ಮ್ಯಾಗ್ನಟೈಟಿನವು. ನಮ್ಮ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆದ ಅದಿರಿನ ಖನಿಜವೂ ಇದೇ. ಮ್ಯಾಗ್ನಟೈಟಿನ ಹಠ ಕೋಬಾಲ್ಟಿಗಿಂತ ಬಹಳ ಕಡಿಮೆ, ಆದ್ದರಿಂದ ಕಣ ಸುಮಾರು 30 ನ್ಯಾನೋಮೀಟರಿಗಿಂತ ಸಣ್ಣದಾದರೆ ನೆನಪು ನಿಲ್ಲದು. ನೂರರ ಆಸುಪಾಸು ದಾಟಿ ದೊಡ್ಡದಾದರೆ ವಲಯಗಳಾಗಿ ಪಾಲಾಗುತ್ತದೆ. ಬ್ಯಾಕ್ಟೀರಿಯಾ ಬೆಳೆಸುವ ಕಣಗಳ ಅಳತೆ ಸಾಮಾನ್ಯವಾಗಿ 35ರಿಂದ 120 ನ್ಯಾನೋಮೀಟರ್.

ಮಾದರಿಗಳ ಬಗ್ಗೆ ನನ್ನ ತೀರ್ಮಾನ ಇಷ್ಟು. ಗಾತ್ರ ನೆನಪನ್ನು ಆಳುತ್ತದೆ ಎಂಬ ನೀಲ್ ಸೂತ್ರವನ್ನು ಈವರೆಗೆ ಯಾರೂ ಮುರಿದಿಲ್ಲ. ಉದ್ಯಮ ಮಿತಿ ದಾಟಿದಾಗಲೆಲ್ಲ ಸೂತ್ರಕ್ಕೆ ಹಾಕುವ ಸಂಖ್ಯೆಗಳನ್ನು ಬದಲಿಸಿ ದಾಟಿದೆ: ಒಮ್ಮೆ ಎತ್ತರವನ್ನು, ಒಮ್ಮೆ ಹಠವನ್ನು, ಒಮ್ಮೆ ಬರೆಯುವ ಕ್ಷಣದ ಉಷ್ಣತೆಯನ್ನು. ಯಾವ ಸಂಖ್ಯೆಯನ್ನು ಬದಲಿಸಬಹುದು ಎಂದು ತೋರಿಸಿಕೊಟ್ಟದ್ದೂ ಅದೇ ಸೂತ್ರ.

ನಂಬಿಕೆ ಬಾರದಿದ್ದರೆ ನೀವೇ ಕ್ಯಾಲ್ಕ್ಯುಲೇಟರ್ ಹಿಡಿದು ಕೂರಿ. ಮೊಬೈಲಿನಲ್ಲಿರುವುದೇ ಸಾಕು. ಮೇಲಿನ ಪಟ್ಟಿಯಲ್ಲಿ 8ಕ್ಕೂ 9ಕ್ಕೂ ನಡುವಿನ ಸಾಲನ್ನು ನಿಮಗಾಗಿ ಬಿಟ್ಟಿದ್ದೇನೆ. ಎಂಟೂವರೆ ನ್ಯಾನೋಮೀಟರಿನ ಕೋಬಾಲ್ಟ್ ಕಣಕ್ಕೆ ಅಂಕ 35ರ ಹತ್ತಿರ, ನೆನಪು ಹದಿನೇಳು ದಿನ ಬರಬೇಕು.